ಬುಧಗ್ರಹದ ಶೇಷ

ದ್ರವ್ಯವು ದ್ರವ್ಯವನ್ನು ದೂರದಿಂದಲೇ ಸೆಳೆಯುವುದೆಂದು ನ್ಯೂಟನ್ನನು ಸಾರಿದನಾದರೂ, ಆ ಸೆಳೆತವು ನಡುವಣ ಶೂನ್ಯವನ್ನು ದಾಟುವ ಬಗೆಯೆಂತೆಂಬುದನ್ನು ವಿವರಿಸುವ ಗೋಜಿಗೆ ಹೋಗಲಿಲ್ಲ. 1915ರ ನವೆಂಬರಿನಲ್ಲಿ ಬರ್ಲಿನ್ನಿನ ಪ್ರಷ್ಯನ್ ಅಕಾಡೆಮಿಯ ಮುಂದೆ ಐನ್‌ಸ್ಟೈನರು ಮಂಡಿಸಿದ ಸಮೀಕರಣಗಳಾದರೋ, ಬಲವೆಂಬ ಕಲ್ಪನೆಯನ್ನೇ ಕೈಬಿಟ್ಟು, ದೇಶಕಾಲದ ವಕ್ರತೆಯನ್ನು ಒಂದು ಪಕ್ಕದಲ್ಲಿಯೂ ದ್ರವ್ಯದ ಶಕ್ತಿ, ಸಂವೇಗ, ಒತ್ತಡಗಳನ್ನು ಇನ್ನೊಂದು ಪಕ್ಕದಲ್ಲಿಯೂ ಇರಿಸಿ ಸರಿದೂಗಿಸಿದುವು. ಒತ್ತಡವೂ ಗುರುತ್ವವನ್ನು ಹುಟ್ಟಿಸುವುದೆಂಬುದು ನಮ್ಮ ಲೋಕಾನುಭವಕ್ಕೆ ವಿಚಿತ್ರವೇ ಸರಿ. ಭೂಮಿಯಲ್ಲಿ ಅದರ ಪಾಲು ಗಣನೆಗೆ ಬಾರದಷ್ಟು ಅಲ್ಪವಾದುದು, ನ್ಯೂಟ್ರಾನ್ ನಕ್ಷತ್ರದ ಗರ್ಭದಲ್ಲಿ ಮಾತ್ರ ಅಲಕ್ಷಿಸಲಾಗದುದು. ಬೀಳುವ ಕಲ್ಲೂ ಸೂರ್ಯನನ್ನು ಸುತ್ತುವ ಗ್ರಹವೂ ಈ ಮತದಂತೆ ಯಾವ ಬಲಕ್ಕೂ ವಶವಾಗದೆ, ವಕ್ರವಾದ ದೇಶಕಾಲದಲ್ಲಿ ತಮಗೆ ಸಾಧ್ಯವಾದ ಅತ್ಯಂತ ಋಜುವಾದ ಪಥವನ್ನೇ ಹಿಡಿದಿರುವುವು.

ಇದು ಬರಿಯ ತತ್ತ್ವವಿಲಾಸವಲ್ಲವೆಂಬುದಕ್ಕೆ ಬುಧನೇ ಸಾಕ್ಷಿ. ಆ ಗ್ರಹದ ಕಕ್ಷೆಯಲ್ಲಿ ಸೂರ್ಯನಿಗೆ ಅತಿ ಸಮೀಪವಾದ ಬಿಂದುವು, ಇತರ ಗ್ರಹಗಳ ಪ್ರಭಾವವನ್ನೆಲ್ಲ ಕಳೆದ ಮೇಲೆಯೂ, ಕಾರಣ ತಿಳಿಯದಂತೆ ಮುಂದೆ ಸರಿಯುತ್ತಿರುವುದನ್ನು ಫ್ರಾನ್ಸಿನ ಲೆವೆರಿಯೇ 1859ರಲ್ಲಿಯೇ ಗುರುತಿಸಿದ್ದರು. ಮುಂದಿನ ಗಣನೆಗಳಲ್ಲಿ ಈ ಶೇಷವು ಶತಮಾನಕ್ಕೆ ಸುಮಾರು 43 ವಿಕಲೆಗಳೆಂದು ನಿಶ್ಚಿತವಾಯಿತು. ಅದರ ಪರಿಹಾರಕ್ಕಾಗಿ ವಲ್ಕನ್ ಎಂಬ ಕಾಣದ ಗ್ರಹವೊಂದನ್ನು ಕಲ್ಪಿಸಿ ಪಂಡಿತರು ದಶಕಗಳ ಕಾಲ ಆಕಾಶವನ್ನು ಶೋಧಿಸಿದರು. ಐನ್‌ಸ್ಟೈನರ ಗಣಿತವು ಯಾವ ಹೊಸ ಗ್ರಹದ ಹಂಗೂ ಇಲ್ಲದೆ ಅದೇ 43ನ್ನು ಕೊಟ್ಟಿತು.