ಹಲ್ಲಿಗೆ ಮೊದಲು ಮೂಳೆ: ಸೈನಸ್ ಲಿಫ್ಟ್ ಅಂದ್ರೇನು?

ಅಮ್ಮನ ಇಂಪ್ಲಾಂಟ್ ಎಸ್ಟಿಮೇಟ್‌ನಲ್ಲಿ 'ಸೈನಸ್ ಲಿಫ್ಟ್' ಅಂತ ಒಂದು ಲೈನ್ ಜಾಸ್ತಿ ಇತ್ತು. ಬಿ.ಕಾಂ. ಓದಿದ ನಂಗೆ ಮೊದಲು ಬಂದಿದ್ದು ಡೌಟೇ: ಬಿಲ್ ಏರಿಸ್ತಿದ್ದಾರಾ?

ಡಾಕ್ಟರ್ ಸ್ಕ್ಯಾನ್ ತೋರಿಸಿದ್ರು. ಅಮ್ಮ ಮೇಲಿನ ದವಡೆ ಹಲ್ಲು ಕೀಳಿಸಿ ವರ್ಷಗಳಾಗಿತ್ತು. ಹಲ್ಲಿಲ್ಲದ ಕಡೆ ಮೂಳೆ ಕರಗುತ್ತೆ, ಮೇಲಿರೋ ಸೈನಸ್ ಅನ್ನೋ ಗಾಳಿಗೂಡು ಕೆಳಗಿಳಿಯುತ್ತೆ. ಉಳಿದಿದ್ದು ಬರೀ 3 ಮಿ.ಮೀ. ಮೂಳೆ. ಇಂಪ್ಲಾಂಟ್ ಸ್ಕ್ರೂ ಸಾಮಾನ್ಯವಾಗಿ 8-10 ಮಿ.ಮೀ. ಉದ್ದ. ಹಿಡಿತ ಎಲ್ಲಿಂದ ಬರಬೇಕು?

ಅದಕ್ಕೇ ಮೂಳೆಯ ಪಕ್ಕದಲ್ಲಿ ಸಣ್ಣ ಕಿಂಡಿ ಮಾಡಿ, ಸೈನಸ್‌ನ ತೆಳು ಪೊರೆಯನ್ನು ಮೇಲೆತ್ತಿ, ಅದರಡಿ ಮೂಳೆಪುಡಿ ತುಂಬ್ತಾರೆ. ಗಟ್ಟಿಯಾಗೋಕೆ ಸುಮಾರು 6 ತಿಂಗಳು. ಆಮೇಲೇ ಸ್ಕ್ರೂ. ಶುರುವಿನಲ್ಲಿ ಮೂಗು ಜೋರಾಗಿ ಸೀಟೋ ಹಾಗಿಲ್ಲ, ಸೀನು ಬಂದ್ರೆ ಬಾಯಿ ತೆರೆದೇ ಸೀನಬೇಕು.

ನಿಮ್ಮನೇಲೂ ಇಂಥ ಎಸ್ಟಿಮೇಟ್ ಬಂದ್ರೆ, ರೇಟಿಗಿಂತ ಮೊದಲು ಕೇಳಿ: "ಮೂಳೆ ಎಷ್ಟು ಮಿಲಿಮೀಟರ್ ಉಳಿದಿದೆ?"