82.30 ಅಲ್ಲ, 82.5: ಡಿಗ್ರಿ-ನಿಮಿಷದ ಲೆಕ್ಕ ಕ್ಯಾಲ್ಕುಲೇಟರ್‌ನಲ್ಲಿ ಮಾಡೋದು ಹೇಗೆ?

ಇವತ್ತು ಫೋನಿನ ಕ್ಯಾಲ್ಕುಲೇಟರ್ ತೆರೆದಿಟ್ಟುಕೊಂಡು ಕೇಳಿ. ವಿಷಯ ಚಿಕ್ಕದು. ಆದ್ರೆ ಇಲ್ಲಿ ಎಡವಿದ್ರೆ ಬೆಂಗಳೂರು ಕನಕಪುರದ ಹತ್ತಿರ ಹೋಗಿಬಿಡುತ್ತೆ!

ಹೇಗೆ ಅಂತೀರಾ? ಬೆಂಗಳೂರಿನ ಅಕ್ಷಾಂಶ ಸುಮಾರು 12 ಡಿಗ್ರಿ 58 ನಿಮಿಷ ಉತ್ತರ, ರೇಖಾಂಶ 77 ಡಿಗ್ರಿ 35 ನಿಮಿಷ ಪೂರ್ವ. ಇದನ್ನು ಮ್ಯಾಪಿನಲ್ಲಿ 12.58, 77.35 ಅಂತ ಟೈಪ್ ಮಾಡಿದರೆ ಪಿನ್ ಸುಮಾರು 50 ಕಿಲೋಮೀಟರ್ ನೈರುತ್ಯಕ್ಕೆ ಹೋಗಿ ಬೀಳುತ್ತದೆ. ಚಾರಣದಲ್ಲಿ ದಾರಿ ತಪ್ಪಿದವರು ಹೀಗೆ ಲೊಕೇಶನ್ ಕಳಿಸಿದರೆ, ಹುಡುಕುವವರು ಬೇರೆ ತಾಲ್ಲೂಕಿನಲ್ಲಿ ಅಲೆಯಬೇಕಾಗುತ್ತೆ.

ಕಾರಣ ಇಷ್ಟೇ. ಒಂದು ಡಿಗ್ರಿಗೆ 60 ನಿಮಿಷ, ಒಂದು ನಿಮಿಷಕ್ಕೆ 60 ಸೆಕೆಂಡ್. ಗಡಿಯಾರದ ಹಾಗೇ. ಪಂಚಾಂಗದಲ್ಲಿ ಅಂಶ, ಕಲೆ, ವಿಕಲೆ ಅಂತಾರಲ್ಲ, ಅದೂ ಇದೇ ಲೆಕ್ಕ. ಕ್ಯಾಲ್ಕುಲೇಟರ್‌ನ ಚುಕ್ಕಿಗೆ ಗೊತ್ತಿರೋದು ಮಾತ್ರ ಹತ್ತು, ನೂರರ ಲೆಕ್ಕ.

ಹಾಗಾದ್ರೆ ಏನು ಮಾಡಬೇಕು? ನಾನು ನಿಮಿಷದಿಂದಲೇ ಶುರು ಮಾಡ್ತೀನಿ. 58 ಭಾಗಿಸು 60, ಕೂಡಿಸು 12. ಉತ್ತರ 12.9667. ಡಿಗ್ರಿಯನ್ನು ಮೊದಲು ಒತ್ತಿದರೆ ಸಾದಾ ಕ್ಯಾಲ್ಕುಲೇಟರ್‌ಗಳು 12 ಮತ್ತು 58 ಎರಡನ್ನೂ ಕೂಡಿಸಿ, ಆಮೇಲೆ ಭಾಗಿಸಿಬಿಡುತ್ತವೆ. ಸೆಕೆಂಡ್ ಕೂಡ ಇದ್ರೆ? ಅದನ್ನು ಮೊದಲು 60ರಿಂದ ಭಾಗಿಸಿ, ನಿಮಿಷ ಕೂಡಿಸಿ, ಸಮ ಚಿಹ್ನೆ ಒತ್ತಿ. ಬಂದದ್ದನ್ನು ಮತ್ತೆ 60ರಿಂದ ಭಾಗಿಸಿ, ಡಿಗ್ರಿ ಕೂಡಿಸಿ.

ಕ್ಯಾಸಿಯೊದಂಥ ಸೈಂಟಿಫಿಕ್ ಕ್ಯಾಲ್ಕುಲೇಟರ್ ಇದ್ದರೆ ಇನ್ನೂ ಸುಲಭ. ಅದರಲ್ಲಿ °′″ ಅನ್ನೋ ಕೀ ಇರುತ್ತೆ. 12, ಆ ಕೀ, 58, ಮತ್ತೆ ಆ ಕೀ, ಆಮೇಲೆ ಸಮ ಚಿಹ್ನೆ. ಉತ್ತರ ಬಂದ ಮೇಲೆ ಅದೇ ಕೀ ಒತ್ತಿದರೆ ದಶಮಾಂಶ, ಇನ್ನೊಮ್ಮೆ ಒತ್ತಿದರೆ ಡಿಗ್ರಿ-ನಿಮಿಷ. ನಿಮಿಷ ಸೊನ್ನೆ ಇದ್ದು ಸೆಕೆಂಡ್ ಮಾತ್ರ ಇದ್ದಾಗಲೂ ಆ ಸೊನ್ನೆಯನ್ನು ಒತ್ತಲೇಬೇಕು.

ಈಗ ಉಲ್ಟಾ. ಮ್ಯಾಪ್ 77.5946 ಅಂತ ತೋರಿಸಿದೆ ಅನ್ನಿ. 77 ಕಳೆಯಿರಿ, ಉಳಿದದ್ದನ್ನು 60ರಿಂದ ಗುಣಿಸಿ: 35.676. ಅಂದರೆ 35 ನಿಮಿಷ. ಉಳಿದ 0.676 ಅನ್ನು ಮತ್ತೆ 60ರಿಂದ ಗುಣಿಸಿದರೆ ಸುಮಾರು 41 ಸೆಕೆಂಡ್.

ಇದರ ಚಂದದ ಉದಾಹರಣೆ ನಿಮ್ಮ ಫೋನಿನ ಗಡಿಯಾರದಲ್ಲೇ ಇದೆ. ಭಾರತದ ಸಮಯ ನಿಂತಿರೋದು 82 ಡಿಗ್ರಿ 30 ನಿಮಿಷ ಪೂರ್ವ ರೇಖಾಂಶದ ಮೇಲೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತೆ. 82.5 ಭಾಗಿಸು 15 ಅಂದ್ರೆ 5.5, ಅಂದರೆ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ. 82.30 ಅಂತ ಹಾಕಿ ನೋಡಿ, 5 ಗಂಟೆ 29 ನಿಮಿಷ 12 ಸೆಕೆಂಡ್ ಬರುತ್ತೆ. ಇಡೀ ದೇಶದ ಗಡಿಯಾರ 48 ಸೆಕೆಂಡ್ ಹಿಂದೆ!

ಇನ್ನೆರಡು ಎಚ್ಚರಿಕೆ. ದಕ್ಷಿಣ ಅಕ್ಷಾಂಶಕ್ಕೆ, ಪಶ್ಚಿಮ ರೇಖಾಂಶಕ್ಕೆ ಮೈನಸ್ ಚಿಹ್ನೆ ಕೊನೆಗೆ ಹಾಕಿ. ಸಿಡ್ನಿ 33 ಡಿಗ್ರಿ 52 ನಿಮಿಷ ದಕ್ಷಿಣ, ಅಂದರೆ ಮೈನಸ್ 33.8667. ಮೊದಲೇ ಮೈನಸ್ 33 ಅಂತ ಬರೆದು ನಿಮಿಷ ಕೂಡಿಸಿದರೆ ಮೈನಸ್ 32.1333 ಆಗುತ್ತೆ, ಸಿಡ್ನಿ ಉತ್ತರಕ್ಕೆ ಜಾರುತ್ತೆ. ಎರಡನೆಯದು, ಸೈನ್, ಕಾಸ್ ಲೆಕ್ಕ ಮಾಡುವ ಮುಂಚೆ ಸೈನ್ 30 ಒತ್ತಿ ನೋಡಿ. 0.5 ಬಂದರೆ ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದೆ. ಮೈನಸ್ 0.988 ಬಂದರೆ ರೇಡಿಯನ್‌ನಲ್ಲಿದೆ, ಬದಲಾಯಿಸಿ.

ಲ್ಯಾಬಿನಲ್ಲಿ ಪ್ರಿಸಂ ಕೋನ ಅಳೆಯೋರು, ಸರ್ವೇ ಓದ್ತಿರೋ ಡಿಪ್ಲೊಮಾದವರು ಒಂದು ಅಭ್ಯಾಸ ಇಟ್ಕೊಳ್ಳಿ. ಕೀ ಒತ್ತುವ ಮೊದಲು ಮನಸ್ಸಲ್ಲೇ ಅಂದಾಜು ಮಾಡಿ. 15 ನಿಮಿಷ ಅಂದ್ರೆ ಕಾಲು, 30 ಅಂದ್ರೆ ಅರ್ಧ, 45 ಅಂದ್ರೆ ಮುಕ್ಕಾಲು. 58 ಅಂದ್ರೆ ಹೆಚ್ಚುಕಡಿಮೆ ಪೂರ್ತಿ ಒಂದು ಡಿಗ್ರಿ, ಹಾಗಾಗಿ ಉತ್ತರ 13ರ ಪಕ್ಕದಲ್ಲೇ ಇರಬೇಕು. ಇಲ್ಲದಿದ್ದರೆ ಅಲ್ಲೇ ನಿಲ್ಲಿ, ಮತ್ತೊಮ್ಮೆ ಒತ್ತಿ ನೋಡಿ.