ಗಡಿ ದಾಟಿದ ಲಿಂಗಪರಿವರ್ತನೆಗೆ ನ್ಯಾಯದ ಮನ್ನಣೆ

ಮನುಷ್ಯನ ವೈಯಕ್ತಿಕ ಸ್ಥಾನವನ್ನು, ಎಂದರೆ ಹೆಸರು, ವಿವಾಹ, ಲಿಂಗ ಮುಂತಾದವನ್ನು, ಯಾವ ದೇಶದ ಕಾನೂನು ನಿರ್ಣಯಿಸಬೇಕು? ಈ ಹಳೆಯ ಪ್ರಶ್ನೆಗೆ ಉತ್ತರವಾಗಿ ಇಂಗ್ಲೆಂಡಿನ ಸಂಪ್ರದಾಯವು ವಾಸಸ್ಥಾನವನ್ನೂ, ಯೂರೋಪ್ ಖಂಡದ ಹಲವು ದೇಶಗಳು ಪೌರತ್ವವನ್ನೂ ಮುಂದಿಡುತ್ತ ಬಂದಿವೆ. ಒಂದು ದೇಶ ಮನ್ನಿಸಿದ ಲಿಂಗಪರಿವರ್ತನೆಯನ್ನು ಇನ್ನೊಂದು ದೇಶ ಒಪ್ಪದಿದ್ದಾಗ ಒದಗುವ ತೊಡಕನ್ನು ಒಂದೇ ಮೊಕದ್ದಮೆಯ ಮೂಲಕ ನಾವಿಲ್ಲಿ ಪರಿಶೀಲಿಸುತ್ತೇವೆ.

1992ರಲ್ಲಿ ರುಮೇನಿಯದ ಕ್ಲುಜ್ ನಗರದಲ್ಲಿ ಜನಿಸಿ ಹೆಣ್ಣೆಂದು ದಾಖಲಾದವರೊಬ್ಬರು 2008ರಲ್ಲಿ ಬ್ರಿಟನ್ನಿಗೆ ಹೋಗಿ ನೆಲಸಿದರು. 2016ರಲ್ಲಿ ಅಲ್ಲಿಯ ಪೌರತ್ವವೂ ದೊರೆಯಿತು. ರುಮೇನಿಯದ ಪೌರತ್ವ ಉಳಿದೇ ಇತ್ತು. ಬ್ರಿಟನ್ನಿನ 2004ರ ಶಾಸನದಂತೆ 2020ರ ಜೂನ್ ತಿಂಗಳಲ್ಲಿ ಅವರು ಪುರುಷರೆಂದು ಪ್ರಮಾಣಪತ್ರ ಪಡೆದರು. ಮರುವರ್ಷ ಅದನ್ನು ಮುಂದಿಟ್ಟು ಜನನ ದಾಖಲೆಯನ್ನು ತಿದ್ದಬೇಕೆಂದು ಕೇಳಿದಾಗ ಕ್ಲುಜ್‌ನ ಅಧಿಕಾರಿಗಳು ನಿರಾಕರಿಸಿದರು. ರುಮೇನಿಯದ ನ್ಯಾಯಾಲಯದಲ್ಲಿಯೇ ಹೊಸದಾಗಿ ದಾವೆ ಹೂಡಿ ತೀರ್ಪು ತರಬೇಕೆಂಬುದು ಅವರ ವಾದ. (ಆ ದೇಶದ ಈ ವಿಧಾನಕ್ಕೆ ಸ್ಪಷ್ಟತೆಯಿಲ್ಲವೆಂದು ಮಾನವ ಹಕ್ಕುಗಳ ಯೂರೋಪಿಯನ್ ನ್ಯಾಯಾಲಯವು 2021ರ ಜನವರಿಯಲ್ಲಿಯೇ ಹೇಳಿತ್ತು.)

ಇದು ದಾಖಲೆಯಲ್ಲಿ ಒಂದು ಶಬ್ದವನ್ನು ತಿದ್ದುವ ಮಾತಷ್ಟೆ ಎಂದು ವಾಚಕರು ಭಾವಿಸಬಾರದು. ರುಮೇನಿಯದ ಪ್ರಜೆಯ ಗುರುತಿನ ಸಂಖ್ಯೆಯ ಮೊದಲ ಅಂಕಿಯೇ ಲಿಂಗಸೂಚಕ: ಕಳೆದ ಶತಮಾನದಲ್ಲಿ ಹುಟ್ಟಿದ ಗಂಡಿಗೆ 1, ಹೆಣ್ಣಿಗೆ 2. ಹೀಗಾಗಿ ಪುರುಷನೆನ್ನುವ ಬ್ರಿಟಿಷ್ ಪತ್ರವೂ ಸ್ತ್ರೀಯೆನ್ನುವ ರುಮೇನಿಯದ ಪತ್ರವೂ ಒಬ್ಬರ ಕೈಯಲ್ಲಿಯೇ ಉಳಿದವು. ಬ್ರಿಟನ್ ಯೂರೋಪಿಯನ್ ಒಕ್ಕೂಟವನ್ನು ತೊರೆದ ಮೇಲಂತೂ, ಒಕ್ಕೂಟದೊಳಗೆ ನಿರ್ಬಂಧವಿಲ್ಲದೆ ಸಂಚರಿಸುವ ಹಕ್ಕನ್ನು ಕೊಡುವುದು ಈ ಎರಡನೆಯ ಪತ್ರವೇ.

ಒಕ್ಕೂಟದ ನ್ಯಾಯಾಲಯವು 2024ರ ಅಕ್ಟೋಬರ್ 4ರಂದು ತೀರ್ಪಿತ್ತಿತು. ಅದು ಹಿಡಿದ ದಾರಿ ಕುತೂಹಲಕರವಾದುದು. ಡೆನ್ಮಾರ್ಕಿನಲ್ಲಿ ಜನಿಸಿ ಅಲ್ಲಿ ತಂದೆತಾಯಿಗಳಿಬ್ಬರ ಕುಲನಾಮಗಳನ್ನೂ ಜೋಡಿಸಿಕೊಂಡ ಮಗುವಿನ ಹೆಸರನ್ನು ಜರ್ಮನಿ ಒಪ್ಪದಿದ್ದುದು ಸಂಚಾರ ಸ್ವಾತಂತ್ರ್ಯಕ್ಕೆ ಅಡ್ಡಿಯೆಂದು 2008ರಲ್ಲಿ ಇದೇ ನ್ಯಾಯಾಲಯ ನಿರ್ಣಯಿಸಿತ್ತು. ಹೆಸರಿಗೆ ಸಲ್ಲುವ ತತ್ತ್ವ ಲಿಂಗಕ್ಕೂ ಸಲ್ಲುತ್ತದೆ. ಒಂದು ಸದಸ್ಯರಾಷ್ಟ್ರದಲ್ಲಿ ನ್ಯಾಯಬದ್ಧವಾಗಿ ಪಡೆದುದಕ್ಕೆ ಇನ್ನೊಂದರಲ್ಲಿ ಮತ್ತೆ ವ್ಯಾಜ್ಯ ಹೂಡಿಸುವುದು ಸಲ್ಲದು ಎಂದಿತು. ಪ್ರಮಾಣಪತ್ರ ದೊರೆತದ್ದು ಬ್ರಿಟನ್ನಿನ ನಿರ್ಗಮನದ ಸಂಕ್ರಮಣಾವಧಿ ಮುಗಿಯುವ ಮೊದಲೇ ಆದ್ದರಿಂದ ಆ ಆಕ್ಷೇಪವೂ ನಿಲ್ಲಲಿಲ್ಲ.

ತೀರ್ಪು ನ್ಯಾಯವಾದುದೆಂದೇ ನಮ್ಮ ಅಭಿಪ್ರಾಯ. ಆದರೆ ಅದರ ಆಧಾರ ಸಂಕುಚಿತ. ಇಲ್ಲಿ ಹಕ್ಕು ಹುಟ್ಟಿದ್ದು ವ್ಯಕ್ತಿ ಗಡಿ ದಾಟಿದ್ದರಿಂದ. ಕ್ಲುಜ್ ನಗರವನ್ನು ಬಿಟ್ಟು ಎಲ್ಲಿಯೂ ಹೋಗದವರು ಅದೇ ಹಳೆಯ ದಾವೆಯ ದಾರಿಯನ್ನು ಹಿಡಿಯಬೇಕು. ಒಕ್ಕೂಟದ ಹೊರಗಿನ ರಾಷ್ಟ್ರಗಳನ್ನಂತೂ ಈ ತೀರ್ಪು ಕಟ್ಟಿಹಾಕದು. ಇಂತಹ ನಿರ್ಣಯಗಳ ಪರಸ್ಪರ ಮನ್ನಣೆಗಾಗಿ 2000ದಲ್ಲಿ ವಿಯೆನ್ನದಲ್ಲಿ ಒಂದು ಒಪ್ಪಂದವೇನೋ ಆಯಿತು. ಅದಕ್ಕೆ ಸೇರಿದ ರಾಷ್ಟ್ರಗಳು ಬೆರಳೆಣಿಕೆಯಷ್ಟು. ಇಷ್ಟಕ್ಕೆಲ್ಲ ಕಾರಣವಾದ ಪ್ರಮಾಣಪತ್ರವನ್ನು ಕೊಟ್ಟ ಬ್ರಿಟನ್ನೂ ಪರದೇಶದ ಲಿಂಗಪರಿವರ್ತನೆಯನ್ನು ತಾನಾಗಿ ಒಪ್ಪುವುದಿಲ್ಲ. 2004ರ ಶಾಸನದಂತೆ, ತಾನು ಅಂಗೀಕರಿಸಿದ ಪಟ್ಟಿಯಲ್ಲಿರುವ ದೇಶಗಳಿಂದ ಬಂದವರಿಗೆ ಮಾತ್ರ ಸುಲಭವಾದ ಅರ್ಜಿ; ಮಿಕ್ಕವರು ಸಾಕ್ಷ್ಯವನ್ನು ಮೊದಲಿನಿಂದ ಒದಗಿಸಬೇಕು. 2023ರ ಆದೇಶವು ಆ ಪಟ್ಟಿಯಿಂದ ಹಲವು ಹೆಸರುಗಳನ್ನು ತೆಗೆದುಹಾಕಿತು.